ಪ್ರಯಾಣದ ಬಾಟಲಿ ನಿಲ್ಲುತ್ತಿದೆ, ಗಟ್ಟಿ ಸಾಬೂನು ಬರುತ್ತಿದೆ

ಮಾನ್ಯ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳಿಂದ ನಮ್ಮ ಸಂಘದ 100 ಮಿ.ಲೀ. ದ್ರವ ಸಾಬೂನಿನ ಬಾಟಲಿ ಸಿಗುವುದಿಲ್ಲ. ಅದರ ಬದಲು 40 ಗ್ರಾಂ ತೂಕದ ಗಟ್ಟಿ ಸಾಬೂನು ಬರುತ್ತದೆ. ಮನೆಬಳಕೆಯ ದೊಡ್ಡ ಸಾಬೂನಿನಲ್ಲೂ ತಾಳೆ ಎಣ್ಣೆ ಬಿಟ್ಟು ಮುರುಗಲು ತುಪ್ಪ, ಅಂದರೆ ಮುರುಗಲು (ಕೋಕಂ) ಹಣ್ಣಿನ ಬೀಜದಿಂದ ತೆಗೆದ ಗಟ್ಟಿ ಕೊಬ್ಬು, ಹಾಕಲು ಶುರು ಮಾಡಿದ್ದೇವೆ. ಹೊಳೆಯ ಸ್ನಾನಘಟ್ಟಗಳ ಪಕ್ಕದ ಅಂಗಡಿಗಳಿಗೆ ನಮ್ಮ ಸಾಬೂನು ಇನ್ನು ಹೋಗುವುದಿಲ್ಲ. ವರ್ಷಗಳಿಂದ ನಮ್ಮನ್ನು ನಂಬಿ ಕೊಳ್ಳುತ್ತಿರುವ ನಿಮಗೆ ಇದರ ಕಾರಣ ಬಿಡಿಸಿ ಹೇಳಬೇಕು ಅನ್ನಿಸಿತು.

ಬಾಟಲಿಯನ್ನು ನಾವು ಮಾಡುತ್ತಿದ್ದುದು ಪ್ರವಾಸ ಹೋಗುವವರು ಕೇಳುತ್ತಿದ್ದರು ಎಂಬ ಕಾರಣಕ್ಕೆ. ಆದರೆ ಯಾವುದೇ ದ್ರವ ಸಾಬೂನಿನಲ್ಲಿ ಹೆಚ್ಚಿನ ಪಾಲು ನೀರೇ. ಶಿರಸಿಯ ನೀರನ್ನು ಪ್ಲಾಸ್ಟಿಕ್‌ನಲ್ಲಿ ತುಂಬಿ, ಲಾರಿಯಲ್ಲಿ ಬೆಂಗಳೂರಿಗೂ ಪುಣೆಗೂ ಕಳಿಸಿ, ಖಾಲಿ ಬಾಟಲಿಯನ್ನು ಯಾವುದೋ ಲಾಡ್ಜಿನ ಕಸದ ಬುಟ್ಟಿಗೆ ಸೇರಿಸುವುದರಲ್ಲಿ ಅರ್ಥವಿಲ್ಲ. ಗಟ್ಟಿ ಸಾಬೂನಾದರೆ ಚೀಲದಲ್ಲಿ ಚೆಲ್ಲುವ ಭಯವೂ ಇಲ್ಲ. ವಿದೇಶಕ್ಕೆ ಹೋಗುವ ವಿಮಾನದಲ್ಲಿ ಕೈಚೀಲದ ದ್ರವ ವಸ್ತುಗಳಿಗೆ ಇರುವ 100 ಮಿ.ಲೀ. ಮಿತಿಯೂ ಇದಕ್ಕೆ ತಾಗುವುದಿಲ್ಲ.

ಇನ್ನು ಮುರುಗಲು ತುಪ್ಪದ ವಿಷಯ. ಸಾಬೂನು ಬೇಗ ಗಟ್ಟಿಯಾಗಬೇಕೆಂದರೆ ಅದರಲ್ಲಿ ಗಟ್ಟಿ ಕೊಬ್ಬು ಇರಬೇಕು. ಬರೀ ಕೊಬ್ಬರಿ ಎಣ್ಣೆಯ ಸಾಬೂನು ಗಟ್ಟಿಯಾಗಿರುತ್ತದೆ, ನೊರೆಯೂ ಚೆನ್ನಾಗಿ ಬರುತ್ತದೆ, ಆದರೆ ಚರ್ಮ ಬಿರಿಯುವಷ್ಟು ಒಣಗಿಸುತ್ತದೆ. ಅದಕ್ಕೇ ಸಾಬೂನು ಮಾಡುವವರು ತಾಳೆ ಎಣ್ಣೆ ಬೆರೆಸುತ್ತಾರೆ, ನಾವೂ ಬೆರೆಸುತ್ತಿದ್ದೆವು. ನಮ್ಮ ದೇಶ ಬಳಸುವ ತಾಳೆ ಎಣ್ಣೆಯ ಬಹುಪಾಲು ಇಂಡೋನೇಷ್ಯಾ, ಮಲೇಷ್ಯಾಗಳಿಂದ ಹಡಗಿನಲ್ಲಿ ಬರುತ್ತದೆ, ಅಲ್ಲಿ ಆ ತೋಟಗಳಿಗಾಗಿ ಮಳೆಕಾಡು ಕಡಿದಿದ್ದಾರೆ. ನಮ್ಮ ಉತ್ತರ ಕನ್ನಡದಲ್ಲೋ, ಏಪ್ರಿಲ್, ಮೇ ಬಂತೆಂದರೆ ಬೆಟ್ಟದಲ್ಲಿ ಮುರುಗಲು ಹಣ್ಣು ಕೆಂಪಗೆ ಉದುರಿರುತ್ತದೆ. ಸಿಪ್ಪೆ ಶರಬತ್ತಿಗೂ ಸಾರಿಗೂ ಹೋಗುತ್ತದೆ. ಬೀಜ ಎಷ್ಟೋ ಮನೆಗಳಲ್ಲಿ ಹಿತ್ತಿಲಿಗೆ ಬೀಳುತ್ತದೆ. ಆ ಬೀಜವನ್ನು ನಾವು ಈಗ ದುಡ್ಡು ಕೊಟ್ಟು ಕೊಳ್ಳುತ್ತಿದ್ದೇವೆ.

ತುಪ್ಪ ತೆಗೆಯುವುದು ನಮ್ಮ ಸದಸ್ಯೆಯರಿಗೆ ಹೊಸದೇನಲ್ಲ. ಬೀಜ ಒಣಗಿಸಿ, ಓಡು ತೆಗೆದು, ಒಳಗಿನ ತಿರುಳನ್ನು ಕುಟ್ಟಿ ನೀರಿನಲ್ಲಿ ಕುದಿಸುತ್ತಾರೆ. ಕುದಿದಂತೆಲ್ಲ ಮೇಲೆ ಕೊಬ್ಬು ತೇಲುತ್ತದೆ. ಅದನ್ನು ಸೌಟಿನಲ್ಲಿ ಮೆಲ್ಲಗೆ ತೆಗೆದು ಇನ್ನೊಂದು ಪಾತ್ರೆಗೆ ಹಾಕಿ ತಣಿಸಿ, ಕೈಯಲ್ಲಿ ಉಂಡೆ ಕಟ್ಟುತ್ತಾರೆ. ಹಿಮ್ಮಡಿ ಒಡೆದರೆ, ಚಳಿಗಾಲದಲ್ಲಿ ತುಟಿ ಸುಲಿದರೆ ಅಜ್ಜಿಯಂದಿರು ಉಜ್ಜುತ್ತಿದ್ದುದು ಇದೇ ಉಂಡೆಯನ್ನು. ಸುಮಾರು 40 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮಾತ್ರ ಕರಗುವ ಕೊಬ್ಬು ಇದು, ಹಾಗಾಗಿ ಸಾಬೂನಿಗೆ ಬೇಕಾದ ಗಟ್ಟಿತನ ಇದರಿಂದಲೇ ಸಿಗುತ್ತದೆ. ಪ್ರಯಾಣದ ಸಾಬೂನಿಗೆ ಇದನ್ನು ಇನ್ನೂ ಸ್ವಲ್ಪ ಹೆಚ್ಚಾಗಿಯೇ ಹಾಕಿದ್ದೇವೆ.

ಎಣ್ಣೆ ಬದಲಾದರೆ ಅದನ್ನು ಸಾಬೂನಾಗಿಸುವ ಕ್ಷಾರದ, ಅಂದರೆ ಕಾಸ್ಟಿಕ್ ಸೋಡಾದ, ಲೆಕ್ಕವೂ ಬದಲಾಗುತ್ತದೆ. ಒಂದು ಕಿಲೋ ಕೊಬ್ಬರಿ ಎಣ್ಣೆ ಸಾಬೂನಾಗಲು ಸುಮಾರು 180 ಗ್ರಾಂ ಸೋಡಾ ಬೇಕು, ಅಷ್ಟೇ ಮುರುಗಲು ತುಪ್ಪಕ್ಕೆ 135 ಗ್ರಾಂ ಆಸುಪಾಸು ಸಾಕು. "ನೈಸರ್ಗಿಕ ಸಾಬೂನು ಅಂತೀರಿ, ಸೋಡಾ ಯಾಕೆ?" ಎಂದು ಹಲವರು ಫೋನ್ ಮಾಡಿ ಕೇಳುತ್ತೀರಿ. ಕ್ಷಾರವಿಲ್ಲದೆ ಎಣ್ಣೆ ಸಾಬೂನಾಗುವುದೇ ಇಲ್ಲ. ಎಣ್ಣೆಯೊಡನೆ ಸೇರಿ ಸೋಡಾ ಸಾಬೂನೂ ಗ್ಲಿಸರಿನ್ನೂ ಆಗಿ ಮುಗಿದುಹೋಗುತ್ತದೆ. ಅಳತೆಯಲ್ಲಿ ಸ್ವಲ್ಪ ಎಣ್ಣೆಯನ್ನು ನಾವು ಬೇಕೆಂದೇ ಹೆಚ್ಚಿಗೆ ಇಡುತ್ತೇವೆ, ಸೋಡಾ ಉಳಿಯಬಾರದೆಂದು. ಯಾವ ಕ್ಷಾರವೂ ಇಲ್ಲದೆಯೇ ಸಾಬೂನು ಮಾಡುತ್ತೇವೆ ಎನ್ನುವವರ ಮಾತನ್ನು ದಯವಿಟ್ಟು ನಂಬಬೇಡಿ.

ಅಂಗಡಿಯಲ್ಲಿ ಬೇರೆಯವರ ಸಾಬೂನು ಕೊಳ್ಳುವಾಗಲೂ ಹೊದಿಕೆಯ ಸಣ್ಣ ಅಕ್ಷರ ಓದಿ. ಬೇವಿನ ಎಲೆಯ ಚಿತ್ರ, ಹಸಿರು ಬಣ್ಣ ಏನನ್ನೂ ಹೇಳುವುದಿಲ್ಲ. ಟಿಎಫ್‌ಎಂ, ಅಂದರೆ ಒಟ್ಟು ಕೊಬ್ಬಿನಾಂಶ, ಎಷ್ಟಿದೆ ನೋಡಿ. ಭಾರತೀಯ ಮಾನಕದ ಪ್ರಕಾರ ಮೊದಲ ದರ್ಜೆಯ ಸ್ನಾನದ ಸಾಬೂನಿನಲ್ಲಿ ಅದು ಕನಿಷ್ಠ 76 ಶೇಕಡಾ ಇರಬೇಕು, 'ಬಾತಿಂಗ್ ಬಾರ್' ಎಂದು ಬರೆದಿದ್ದರೆ 40 ಇದ್ದರೂ ನಡೆಯುತ್ತದೆ. ಎರಡೂ ಒಂದೇ ಕಪಾಟಿನಲ್ಲಿ, ಒಂದೇ ಥರದ ಹೊದಿಕೆಯಲ್ಲಿ ಇರುತ್ತವೆ.

ಈ ಪತ್ರ ಬರೆಯಲು ಮುಖ್ಯ ಕಾರಣ ಹೊಳೆ. ತೀರ್ಥಕ್ಷೇತ್ರಗಳಲ್ಲಿ ನೀರಿಗಿಳಿದು ಸಾಬೂನು ಹಚ್ಚುವುದು, ಶ್ಯಾಂಪೂ ಪೊಟ್ಟಣ ಅಲ್ಲೇ ಬಿಸಾಡುವುದು ನೀವೂ ನೋಡಿರುತ್ತೀರಿ. 2025ರ ಮಾರ್ಚ್‌ನಲ್ಲಿ ರಾಜ್ಯದ ಅರಣ್ಯ ಮತ್ತು ಪರಿಸರ ಸಚಿವ ಈಶ್ವರ ಖಂಡ್ರೆ ಅವರು ಇಂಥ ನದಿ, ಕಲ್ಯಾಣಿಗಳಿಂದ 500 ಮೀಟರ್ ಒಳಗೆ ಸಾಬೂನು, ಶ್ಯಾಂಪೂ ಮಾರದಂತೆ ಕ್ರಮ ಕೈಗೊಳ್ಳಲು ಅಧಿಕಾರಿಗಳಿಗೆ ಸೂಚಿಸಿದರು. ಆ ಸೂಚನೆ ಸರಿಯಾಗಿದೆ. ನಮ್ಮ ಸಾಬೂನು ಮಣ್ಣಿನಲ್ಲಿ ಕೊಳೆತು ಹೋಗುತ್ತದೆ, ನಿಜ. ಆದರೆ ಹರಿಯುವ ನೀರಿಗೆ ನೇರ ಬಿದ್ದರೆ ಕೊಳೆಯುವುದಕ್ಕೆ ಮೊದಲೇ ಮೀನಿನ ಕಿವಿರಿಗೆ ತಾಗುತ್ತದೆ, ಅದರಿಂದ ಮೀನು ಸಾಯಬಹುದು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನಿಗೆ ಕೈಯಾರೆ ಮಂಡಕ್ಕಿ ಹಾಕುವ ನಾವು ಅದೇ ನೀರಿಗೆ ನೊರೆ ಬಿಡಬಾರದು. ಎಣ್ಣೆ ಕೊಬ್ಬರಿಯದೋ ಮುರುಗಲಿನದೋ ಎಂಬುದರಿಂದ ಮೀನಿಗೆ ಯಾವ ವ್ಯತ್ಯಾಸವೂ ಆಗುವುದಿಲ್ಲ.

ಸ್ನಾನಘಟ್ಟದ ಪಕ್ಕದ ಅಂಗಡಿಗಳಿಂದ ನಮಗೆ ಒಳ್ಳೆಯ ವ್ಯಾಪಾರವಿತ್ತು. ಸಂಘದ ಸಭೆಯಲ್ಲಿ ಇದರ ಬಗ್ಗೆ ಬಿಸಿಬಿಸಿ ಮಾತೇ ನಡೆಯಿತು. ಕೊನೆಗೆ ಬಿಡುವುದೆಂದೇ ತೀರ್ಮಾನವಾಯಿತು. ಪ್ರಯಾಣದ ಸಾಬೂನಿನ ಕಾಗದದ ಮೇಲೆ ಇನ್ನು "ಹೊಳೆ, ಕೆರೆ, ಕಲ್ಯಾಣಿಯ ನೀರಿನಲ್ಲಿ ಬಳಸಬೇಡಿ" ಎಂದು ದಪ್ಪ ಅಕ್ಷರದಲ್ಲಿ ಇರುತ್ತದೆ. ತೀರ್ಥಸ್ನಾನಕ್ಕೆ ಬರೀ ಮುಳುಗು ಸಾಕು. ಮೈ ತೊಳೆಯಲು ರೂಮಿನ ಬಚ್ಚಲಿದೆ. ಚಾರಣಕ್ಕೆ ಹೋದಾಗ ಬೇಕೇ ಬೇಕೆಂದರೆ ನೀರನ್ನು ಪಾತ್ರೆಯಲ್ಲಿ ತುಂಬಿಕೊಂಡು ಹೊಳೆಯಿಂದ 200 ಅಡಿಯಾದರೂ ದೂರ ಹೋಗಿ ಮಣ್ಣಿನ ಮೇಲೆ ತೊಳೆಯಿರಿ.

ಹೊಸ ಸಾಬೂನು ಹಳೆಯದಕ್ಕಿಂತ ಕೆನೆಬಣ್ಣಕ್ಕೆ ತಿರುಗಿರುತ್ತದೆ, ನೊರೆ ತುಸು ಕಡಿಮೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಇನ್ನೂ ಕಡಿಮೆ ಅನ್ನಿಸಬಹುದು. ನೇರ ಮೈಗೆ ಉಜ್ಜುವ ಬದಲು ಹೀರೆಯ ನಾರಿಗೆ ಹಚ್ಚಿದರೆ ಚೆನ್ನಾಗಿ ನೊರೆ ಬರುತ್ತದೆ. ಮಳೆಗಾಲದಲ್ಲಿ ಸಾಬೂನಿನ ಮೇಲೆ ಸಣ್ಣ ಹನಿಗಳು ಎದ್ದರೆ ಕೆಟ್ಟಿದೆ ಎಂದುಕೊಳ್ಳಬೇಡಿ. ಅದರಲ್ಲಿರುವ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಂಡಿರುತ್ತದೆ, ಒಣಬಟ್ಟೆಯಲ್ಲಿ ಒರೆಸಿದರಾಯಿತು. ಪ್ರಯಾಣದ ಸಾಬೂನಿಗೆ ನಾವು ಡಬ್ಬಿ ಕೊಡುತ್ತಿಲ್ಲ. ಮನೆಯಲ್ಲಿರುವ ಯಾವುದಾದರೂ ಪುಟ್ಟ ಸ್ಟೀಲ್ ಡಬ್ಬಿಯ ತಳಕ್ಕೆ ಹೀರೆ ನಾರಿನ ತುಂಡು ಇಟ್ಟು ಅದರ ಮೇಲೆ ಸಾಬೂನಿಡಿ, ಕರಗಿ ಅಂಟುವುದಿಲ್ಲ.

ದೊಡ್ಡ ಸಾಬೂನಿನ ಬೆಲೆ ಐದು ರೂಪಾಯಿ ಹೆಚ್ಚಾಗಿದೆ. ಬೀಜ ಆಯ್ದು ತರುವವರಿಗೆ ಕೊಡುವ ದರ ಮತ್ತು ಕೊಬ್ಬರಿ ಎಣ್ಣೆಯ ಬೆಲೆ, ಎರಡೂ ಅದರಲ್ಲಿ ಸೇರಿವೆ. ಚರ್ಮದ ತೊಂದರೆ ಇರುವವರು, ಎಳೆ ಮಕ್ಕಳಿಗೆ ಬಳಸುವವರು ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ, ಅನುಮಾನವಿದ್ದರೆ ವೈದ್ಯರನ್ನು ಕೇಳಿ. ಉಳಿದಿರುವ ದ್ರವ ಸಾಬೂನನ್ನು ದಾಸ್ತಾನು ಮುಗಿಯುವವರೆಗೆ ನಮ್ಮ ಮಳಿಗೆಯಲ್ಲಿ ಮಾತ್ರ ಕೊಡುತ್ತೇವೆ, ನಿಮ್ಮದೇ ಬಾಟಲಿ ತಂದರೆ ತುಂಬಿಸಿಕೊಡುತ್ತೇವೆ. ಮುರುಗಲು ಬೀಜ ಮನೆಯಲ್ಲಿ ಇರುವವರು ಚೆನ್ನಾಗಿ ಒಣಗಿಸಿ ಮಳೆ ಹಿಡಿಯುವುದರೊಳಗೆ ತಂದುಕೊಡಿ, ತೂಕಕ್ಕೆ ಅಲ್ಲೇ ಹಣ ಕೊಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ
ಮಹಿಳಾ ಸಾಬೂನು ತಯಾರಕರ ಸಹಕಾರ ಸಂಘದ ಪರವಾಗಿ
ಶಿರಸಿ