ರೀಕೆಸ್ಟ್ರಾಸೆಯ ಬರಹ ಮುಗಿಯಿತು: ನೆರವಾದವರಿಗೆ ನಮಸ್ಕಾರ

ನಿನ್ನೆ ರಾತ್ರಿ ಕೊನೆಯ ಕರಡು ತಿದ್ದಿ ಮುಗಿಸಿದೆ. ಬರ್ಲಿನ್ನಿನಲ್ಲಿ ನಾನಿರುವ ಪ್ರೆನ್ಜ್ಲಾವರ್ ಬೆರ್ಗ್ ಬಡಾವಣೆಯ ರೀಕೆಸ್ಟ್ರಾಸೆ ಎಂಬ ಬೀದಿಯಲ್ಲಿರುವ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದ ಕಥೆಯನ್ನು ಕನ್ನಡದಲ್ಲಿ ಬರೆಯಲು ಎರಡು ವರ್ಷ ಹಿಡಿಯಿತು. ನನ್ನೊಬ್ಬಳಿಂದ ಆಗುವ ಕೆಲಸ ಇದಾಗಿರಲಿಲ್ಲ.

ಮೊದಲು ನೆನೆಯಬೇಕಾದದ್ದು ನಮ್ಮ ಕೆಳಮನೆಯ ಅಜ್ಜಿಯನ್ನು. 'ನಾಜಿಗಳು ಜರ್ಮನಿಯ ಉದ್ದಗಲಕ್ಕೂ ಯಹೂದಿ ಮಂದಿರಗಳಿಗೆ ಬೆಂಕಿ ಇಟ್ಟ 1938ರ ನವೆಂಬರ್ 9ರ ರಾತ್ರಿ ನೆರೆಹೊರೆಯವರು ಈ ಮಂದಿರವನ್ನು ಉಳಿಸಿದರು' ಎಂದು ಬರೆದುಕೊಂಡಿದ್ದೆ. ಅದನ್ನು ಜರ್ಮನ್ ಭಾಷೆಯಲ್ಲಿ ಹೇಳಿದಾಗ ಅವರು ಚಹಾದ ಲೋಟ ಕೆಳಗಿಟ್ಟು, ಕೋಲು ಹಿಡಿದು ನನ್ನನ್ನು ಬೀದಿಗೆ ಕರೆದೊಯ್ದರು. ಬೀದಿಗೆ ಕಾಣುವುದು ಮುಂಭಾಗದ ಕಟ್ಟಡ. ಅದರ ಕಮಾನು ದಾಟಿದರೆ ಅಂಗಳ, ಅಂಗಳದಾಚೆ ಕೆಂಪು ಇಟ್ಟಿಗೆಯ ಮಂದಿರ, ಸುತ್ತಲೂ ಒತ್ತೊತ್ತಾಗಿ ಜನರ ಮನೆಗಳು. "ಇಲ್ಲಿ ಬೆಂಕಿ ಇಟ್ಟಿದ್ದರೆ ಯಾರ ಮನೆ ಸುಡುತ್ತಿತ್ತು, ಹೇಳು" ಎಂದರು. ನನ್ನಲ್ಲಿ ಮಾತಿರಲಿಲ್ಲ. ಅದೇ ರಾತ್ರಿ ಒಳಗೆ ನುಗ್ಗಿದವರು ಸಿಕ್ಕಿದ್ದನ್ನೆಲ್ಲ ಧ್ವಂಸ ಮಾಡಿದ್ದರು. ರಬ್ಬಿಗಳನ್ನೂ, ಅಂದರೆ ಯಹೂದಿ ಧರ್ಮಗುರುಗಳನ್ನೂ, ಸಮುದಾಯದ ಇತರರನ್ನೂ ನಾಜಿಗಳ ಸಾಕ್ಸನ್‌ಹೌಸೆನ್ ಸೆರೆಶಿಬಿರಕ್ಕೆ ಸಾಗಿಸಲಾಗಿತ್ತು. ಮನೆಗೆ ಬಂದು 'ಉಳಿಸಿದರು' ಎಂಬುದನ್ನು ಹೊಡೆದುಹಾಕಿ 'ಉಳಿಯಿತು' ಎಂದು ಬರೆದೆ. ಇಡೀ ಪುಸ್ತಕ ಸರಿಹೋದದ್ದು ಆ ಒಂದು ಕ್ರಿಯಾಪದದಿಂದ. ಅಜ್ಜಿ, ನಿಮಗೆ ನಾನು ಸದಾ ಋಣಿ.

ಗ್ರಂಥಾಲಯದ ಸಿಬ್ಬಂದಿಗೂ ಕೃತಜ್ಞತೆಗಳು. ಹಳೆಯ ಜರ್ಮನ್ ಅಚ್ಚಿನ ಮೊಳೆ ನನಗೆ ಬಿಡಿಸಲಾಗದಿದ್ದಾಗ ಪಕ್ಕದಲ್ಲಿ ಕುಳಿತು ಓದಿ ಹೇಳಿದರು. ಯೋಹಾನ್ ಹೋನಿಗರ್ ವಿನ್ಯಾಸ ಮಾಡಿದ ಈ ಮಂದಿರ 1904ರ ಸೆಪ್ಟೆಂಬರ್ 4ರಂದು ತೆರೆದಾಗ ಸುಮಾರು 2,000 ಜನರಿಗೆ ಆಸನಗಳಿದ್ದವು. 1940ರಲ್ಲಿ ಪ್ರಾರ್ಥನೆ ನಿಂತಿತು. ಆಮೇಲೆ ಅದು ಸರಕು ತುಂಬುವ ಜಾಗವಾಯಿತು, ಕುದುರೆ ಲಾಯವೂ ಆಯಿತು. ಯುದ್ಧ ಮುಗಿದ 1945ರ ಜುಲೈನಲ್ಲಿ ರಬ್ಬಿ ಮಾರ್ಟಿನ್ ರೀಸೆನ್‌ಬುರ್ಗರ್ ಅಲ್ಲಿ ಒಂದು ಮದುವೆ ಮಾಡಿಸಿದರು. ಲಾಯವಾಗಿದ್ದ ಜಾಗದಲ್ಲಿ ಮದುವೆ! ಈ ಸಾಲು ಸಿಕ್ಕಿದ ದಿನ ನಾನು ಬೇರೇನನ್ನೂ ಬರೆಯಲಿಲ್ಲ. 1953ರಲ್ಲಿ ಮಂದಿರ ಮರುಪ್ರತಿಷ್ಠೆಗೊಂಡಿತು. 2007ರ ಆಗಸ್ಟ್ 31ರಂದು, ಜೀರ್ಣೋದ್ಧಾರದ ನಂತರ, ಮತ್ತೆ ತೆರೆಯಿತು.

ಇಲ್ಲಿನ ಕನ್ನಡದ ಗೆಳೆಯರು ಪ್ರತಿ ಅಧ್ಯಾಯವನ್ನೂ ಓದಿದರು. 'ದೇವಸ್ಥಾನ' ಎನ್ನಬೇಡ, ಅಲ್ಲಿ ಮೂರ್ತಿಯಿಲ್ಲ, ಓದುವ ಧರ್ಮಗ್ರಂಥದ ಸುರುಳಿಯಿದೆ ಎಂದು ಪಟ್ಟು ಹಿಡಿದವರಿಗೆ ವಿಶೇಷ ನಮಸ್ಕಾರ. ಕಳೆದ ಚಳಿಗಾಲದಲ್ಲಿ ನಾನು ಕಾಯಿಲೆ ಬಿದ್ದಾಗ ಅನ್ನ ಸಾರು ತಂದುಕೊಟ್ಟು ಕರಡಚ್ಚು ಒಯ್ದವರೂ ಇವರೇ.

ಮೊದಲ ಪ್ರತಿ ಅಜ್ಜಿಗೆ. ಕನ್ನಡ ಅವರಿಗೆ ಬಾರದು. ಆದರೂ ತಮ್ಮ ಬೀದಿಯ ಹೆಸರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬೇಕಂತೆ. ಭಾನುವಾರ ಹೋಗುತ್ತೇನೆ.