ಪಂಚನಾಮೆ ಪಟ್ಟಿಯೊಳಗ ನಮ್ಮ ಊರು ಎಲ್ಲೈತ್ರಿ? ಜಲಸಂಪನ್ಮೂಲ ಸಚಿವರಿಗೆ ಕೃಷ್ಣಾ ಹೊಳಿಸಾಲಿನಿಂದ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ, ಬಾಗಲಕೋಟಿ ಜಿಲ್ಲಾದ ಹೊಳಿಸಾಲಿನಿಂದ ನಮಸ್ಕಾರ್ರಿ.

ಕೃಷ್ಣಾ ಹೊಳಿಗೆ ಕಟ್ಟಿದ ಆಲಮಟ್ಟಿ ಡ್ಯಾಂ ಎತ್ತರ ಮಾಡಬ್ಯಾಡ್ರಿ ಅಂತ ಹೇಳಾಕ ಈ ಪತ್ರ ಬರ್ಯಾಕತ್ತಿಲ್ಲ, ಅದನ್ನ ಮೊದಲ ಹೇಳಿಬಿಡ್ತೀನಿ, ಇಲ್ಲಂದ್ರ ನಾಕ ಸಾಲು ಓದಿ ಇವ ಯೋಜನಾ ವಿರೋಧಿ ಅಂತ ಬಾಜೂಕ ಇಟ್ಟುಬಿಡ್ತಾರ. ಡ್ಯಾಮಿನ ನೀರಿನ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಹೋದ್ರ ವಿಜಯಪುರ, ಯಾದಗಿರಿ, ಕಲಬುರಗಿ, ರಾಯಚೂರು, ಕೊಪ್ಪಳ ಕಡಿ ಒಣ ಹೊಲಕ್ಕ ನೀರು ಹೋಗ್ತೈತಿ, ಅವರೂ ನಮ್ಮವರ. 2010ರಾಗ ಕೃಷ್ಣಾ ನೀರು ಹಂಚೋ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಒಪ್ಪಿಗಿ ಕೊಟ್ಟಿದ್ದು, ಸುಪ್ರೀಂ ಕೋರ್ಟಿನ್ಯಾಗ ಕೇಸು ಕುಂತಿದ್ದು, ಮಹಾರಾಷ್ಟ್ರದವರು ತಕರಾರು ತಗಿಯೋದು, ಇದೆಲ್ಲಾ ನನಗಿಂತ ನಿಮಗ ಚಲೋ ಗೊತ್ತೈತಿ. 2025ರ ಸೆಪ್ಟೆಂಬರಿನ್ಯಾಗ ಸಂಪುಟದಾಗ ಮುಳುಗೋ ಜಮೀನಿಗೆ ಪರಿಹಾರ, ಎಕರೆಕ್ಕ ನೀರಾವರಿ ಹೊಲಕ್ಕ 40 ಲಕ್ಷ, ಒಣ ಬೇಸಾಯಕ್ಕ 30 ಲಕ್ಷ ಅಂತ ರೇಟ್ ಫಿಕ್ಸ್ ಮಾಡಿದ್ರಿ. ರೇಟಿನ ಬಗ್ಗೆ ಮಾತಾಡೋರು ಬ್ಯಾರೆ ಅದಾರ, ಮಾತಾಡಲಿ. ನಾ ಕೇಳೋದು ಪಂಚನಾಮೆ ಪಟ್ಟಿ ಬಗ್ಗೆ, ಅಂದ್ರ ಮುಳುಗೋ ಆಸ್ತಿ ಏನೇನೈತಿ ಅಂತ ಸರ್ಕಾರದವರು ಬರಕೊಳ್ಳೋ ಪಟ್ಟಿ ಬಗ್ಗೆ.

ಸರ್ವೇದವರು ಬಂದ್ರ ಏನೇನು ಬರಕೋತಾರ ಅಂತ ಮುಳುಗಡಿ ಕಂಡ ಮಂದಿಗೆಲ್ಲಾ ಬಾಯಿಪಾಠ ಆಗೈತಿ. ಗ್ವಾಡಿ ಎಷ್ಟ ಫೂಟು, ಛತ್ತು ಮಣ್ಣಿಂದೋ ಹೆಂಚಿಂದೋ ಆರ್‌ಸಿಸಿದೋ, ಬಾವಿ ಎಷ್ಟು, ಬೋರ್ ಎಷ್ಟು, ಪೈಪ್‌ಲೈನ್ ಎಲ್ಲಿ ತನಕ, ಬೇವಿನ ಗಿಡ ಎಷ್ಟು, ಮಾವಿನ ಗಿಡ ಎಷ್ಟು. ತಪ್ಪಲ್ಲ, ಅದೂ ಬೇಕು. ಆದ್ರ ಆ ಪಟ್ಟಿಯೊಳಗ ಓಣಿ ಅನ್ನೋದು ಇಲ್ರಿ. ಗುಡಿ ಕಲ್ಲಿಗೆ ರೇಟ್ ಐತಿ, ಶನಿವಾರ ಆ ಗುಡಿ ಮುಂದ ಕುಂತು ಬೆಳಗತನಾ ಹಾಡೋ ಭಜನಿ ಮ್ಯಾಳಕ್ಕ ಒಂದು ಕಾಲಂ ಇಲ್ಲ. ಈಗ ಮುಳುಗಡಿಗೇ 75 ಸಾವಿರ ಎಕರೆ ಮ್ಯಾಲ ಬೇಕು ಅಂತೀರಿ, ಹಳ್ಳಿಗೆ ಹಳ್ಳಿನ ಎದ್ದು ಹೋಗಬೇಕು, ಆ ಎಕರೆದಾಗ ಬರೇ ಕಬ್ಬು ಬೆಳದಿಲ್ಲ ಅಂತ ನಿಮಗ ಹೇಳಬೇಕಾಗೈತಿ.

ಈ ಹೊಳಿ ನಮಗ ಏನ ಕೊಟ್ಟೈತಿ ನೋಡ್ರಿ. ಬಸವಣ್ಣನವರು ತಮ್ಮ ವಚನಕ್ಕ ಅಂಕಿತ ಹಾಕಿದ್ದು ಮಲಪ್ರಭಾ ಬಂದು ಕೃಷ್ಣಾಕ್ಕ ಕೂಡೋ ಜಾಗದ ಹೆಸರಿನ ಮ್ಯಾಲ, ಕೂಡಲಸಂಗಮ. ಒಂಬತ್ತನೇ ಶತಮಾನದ ಕವಿರಾಜಮಾರ್ಗದಾಗ ತಿರುಳ್ಗನ್ನಡದ, ಅಂದ್ರ ಅಪ್ಪಟ ಕನ್ನಡದ, ನಾಡು ಅಂತ ನಾಕ ಊರು ಎಣಿಸ್ಯಾರಲ್ಲ, ಅದರಾಗ ಕಿಸುವೊಳಲು ಅಂದ್ರ ಮಲಪ್ರಭಾ ದಂಡಿಮ್ಯಾಗಿನ ಪಟ್ಟದಕಲ್ಲು. ಘಟಪ್ರಭಾ ದಂಡಿ ಮುಧೋಳದಾಗ ಬಳಿಗಾರರ ಮನ್ಯಾಗ ರನ್ನ ಹುಟ್ಟಿದ. ಕೃಷ್ಣ ಪಾರಿಜಾತ ಅನ್ನೋ ಆಟ ಕುಲಗೋಡ ತಮ್ಮಣ್ಣನ ಕೈಯಾಗ ಬೆಳದು ಕೌಜಲಗಿ ನಿಂಗಮ್ಮನ ದನಿಯಾಗ ಊರೂರಿಗೆ ಹೋತು, ಅದೂ ಘಟಪ್ರಭಾ ಸೀಮಿದ. ಸಾಹಿತಿ ಸತ್ಯಕಾಮರು ಗಲಗಲಿಯವರು, ಜಮಖಂಡಿ ತಾಲೂಕಿನ ಕಲ್ಲಹಳ್ಳ್ಯಾಗ ಹೊಲಾ ಮಾಡಕೊಂತ ಬರದ್ರು. ಹಿರೇಪಡಸಲಗಿಯ ರಾವಬಹದ್ದೂರರು 1957ರಾಗ ಗ್ರಾಮಾಯಣ ಕಾದಂಬರಿ ಬರದ್ರು. ಅದರ ಬಾಜೂಕಿನ ಚಿಕ್ಕಪಡಸಲಗ್ಯಾಗ ಏನಾತು ಗೊತ್ತಲ್ರಿ, ಸರ್ಕಾರದ ದಾರಿ ಕಾದು ಸಾಕಾಗಿ ರೈತರ ರೊಕ್ಕಾ ಕೂಡಿಸಿ, ಸಿದ್ದು ನ್ಯಾಮಗೌಡರ ಮುಂದಾಳತನದಾಗ ತಾವ ಕಲ್ಲು ಮಣ್ಣು ಹೊತ್ತು 1989ರಾಗ ಕೃಷ್ಣಾಕ್ಕ ಅಡ್ಡ ಬ್ಯಾರೇಜ್ ಕಟ್ಟಿದ್ರು. ಅದರ ಹೆಸರ ಶ್ರಮಬಿಂದು ಸಾಗರ. ಕಾದಂಬರಿಗೂ ಬ್ಯಾರೇಜಿಗೂ ಏನ ಸಂಬಂಧ ಅಂದ್ರ, ನನ್ನ ಪ್ರಕಾರ ಎರಡೂ ಊರು ಅನ್ನೋದು ಗಟ್ಟಿ ಇದ್ದಾಗ ಆಗೋವಂಥವು. ಒಬ್ಬರ ಕಟ್ಟಿಗೆ ಒಬ್ಬರು ಕುಂತು ಹಗಲೆಲ್ಲಾ ಜಗಳಾಡಿ ರಾತ್ರಿ ಒಂದ ಕಡಿ ಕೂಡೋ ಮಂದಿ ಇರಬೇಕು. ಅವರನ್ನ ನಾಕ ಪುನರ್ವಸತಿ ಕೇಂದ್ರಕ್ಕ ಹಂಚಿಬಿಟ್ರ ಬ್ಯಾರೇಜೂ ಆಗಂಗಿಲ್ಲ, ಕಾದಂಬರಿನೂ ಹುಟ್ಟಂಗಿಲ್ಲ.

ಬಾಗಲಕೋಟಿನ ನೋಡ್ರಿ. 1964ರಾಗ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಹಾಕಿದ ಮ್ಯಾಲ ನಮ್ಮ ಹಿರ್ಯಾರು ಹತ್ತಾರು ವರ್ಷ 'ಇವತ್ತ ಮುಳಗತೈತಿ, ನಾಳೆ ಮುಳಗತೈತಿ' ಅನ್ನಕೊಂತ ಮನಿ ರಿಪೇರಿನೂ ಮಾಡಿಸದ ದಿನಾ ತಗದ್ರು. ಆಮ್ಯಾಗ ಮುಳುಗಡಿ ಮಂದಿಗೆ ನವನಗರ ಆತು. ಅಗಲ ರಸ್ತೆ, ಚಲೋ ಗಟಾರ, ಸೆಕ್ಟರಿಗೊಂದು ನಂಬರ್, ಅದರ ಬಗ್ಗೆ ತಕರಾರಿಲ್ಲ. ಆದ್ರ ಹೋಳಿ ಹುಣ್ಣಿವಿ ಬಂತಂದ್ರ ಬಾಗಲಕೋಟಿ ಬಣ್ಣ ಸೆಕ್ಟರಿನ ಲೆಕ್ಕಕ್ಕ ಆಡಂಗಿಲ್ರಿ. ಕಿಲ್ಲಾದವರು, ಹೊಸಪೇಟಿಯವರು, ಜೈನಪೇಟಿಯವರು, ವೆಂಕಟಪೇಟಿಯವರು ಅಂತ ಓಣಿ ಲೆಕ್ಕನ, ಹಲಗಿ ಬಾರಿಸ್ಕೊಂತ, ಬ್ಯಾರಲ್ ತುಂಬಿದ ಬಂಡಿ ಹೊಡಕೊಂಡು ಬರ್ತಾರ. ಊರಿನ ಒಂದು ಪಾಲು ನೀರಾಗ ಹೋದ್ರೂ ಓಣಿ ಹೆಸರು ಮಂದಿ ಬಾಯಾಗ ಉಳಿದೈತಿ. ಅದು ಬಾಗಲಕೋಟಿಯಂಥ ದೊಡ್ಡ ಊರಾಗಿದ್ದಕ್ಕ ಉಳೀತು. ಮುನ್ನೂರು ಮನಿ ಹಳ್ಳಿ ತಡಕೊಳ್ತೈತೇನ್ರಿ?

ನಾ ಹೊಳಿನ ಬರೇ ಹೊಗಳಾಕ ಬಂದಿಲ್ಲ. ನಮ್ಮ ಕಡಿ ಮಹಾಪೂರ ಅಂತ ಯಾರೂ ಅನ್ನಂಗಿಲ್ಲ, 'ಹೊಳಿ ಬಂತು' ಅಂತಾರ, ಬೀಗರು ಬಂದಂಗ. 2005ರಾಗ ಬಂತು. 2009ರಾಗ ಹಿಂಗಾರಿ ಬಿತ್ತೋ ಟೈಮಿನ್ಯಾಗ ಬಂದು ಮಂದಿ ಪ್ರಾಣಾನ ತಗೊಂಡು ಹೋತು. 2019ರ ಆಗಸ್ಟಿನ್ಯಾಗ ಮ್ಯಾಲ ಮಹಾರಾಷ್ಟ್ರದಾಗ ಮಳಿ ಹೊಡದು ಆಲಮಟ್ಟಿಯಿಂದ 5 ಲಕ್ಷ ಕ್ಯುಸೆಕ್ ಮ್ಯಾಲ ಬಿಡಬೇಕಾತು, ಆ ಕಡಿ ಮಲಪ್ರಭಾ ಉಕ್ಕಿ ಪಟ್ಟದಕಲ್ಲಿನ ಗುಡಿಯೊಳಗ ನೀರು ನಿಂತ್ವು, ಅದ ಕಿಸುವೊಳಲು. ಬ್ಯಾಸಿಗ್ಯಾಗ ಇದ ಹೊಳಿ ಒಣಗಿ ಕೊಯ್ನಾದಿಂದ ನೀರು ಬಿಡ್ರಪ್ಪಾ ಅಂತ ಮಹಾರಾಷ್ಟ್ರಕ್ಕ ಪತ್ರ ಬರಿಯೋದೂ ನಮ್ಮ ಹಣೇಬಾರ.

2009ರ ಮ್ಯಾಲ, ಹೊಳಿ ಬಂದು ಮನಿ ಕಳಕೊಂಡವರಿಗೆ ಆಸರೆ ಮನಿ ಕಟ್ಟಿಸಿದ್ರು. ಎಷ್ಟೋ ಕಡಿ ಅವು ಖಾಲಿ ಬಿದ್ದು ಜಾಲಿ ಬೆಳದಾವ. ಮಂದಿಗೆ ಸೊಕ್ಕು ಅಂತ ಕೆಲವರು ಮಾತಾಡ್ತಾರ, ಸೊಕ್ಕಲ್ರಿ, ಎಮ್ಮಿ ಕಟ್ಟಾಕ ಜಾಗ ಇಲ್ಲ, ಹೊಲಾ ದೂರ, ಕಾಳು ಇಡಾಕ ಹಗೇವು ಇಲ್ಲ, ಬಾಜೂ ಮನ್ಯಾಗ ಇರೋರು ಯಾರ ಅಂತನ ಗೊತ್ತಿಲ್ಲ. ನಕ್ಷೆ ಹಾಕೋ ಮುಂದ ಊರಿನ ಒಬ್ಬ ಮುದುಕಿನ ಕರದು ಕೇಳಿದ್ರ ಇಷ್ಟೂ ಹೇಳ್ತಿದ್ಲು.

ಇನ್ನೊಂದು, ಎಚ್ಚರಿಕಿ ಕೊಡೋ ರೀತಿ. 'ರಾಜಾಪುರ ಬ್ಯಾರೇಜಿನಿಂದ ಇಷ್ಟು ಲಕ್ಷ ಕ್ಯುಸೆಕ್, ನದಿಪಾತ್ರದ ಜನ ಸುರಕ್ಷಿತ ಸ್ಥಳಕ್ಕೆ ತೆರಳಿ' ಅಂತ ಡಂಗುರ ಹೊಡಸ್ತಾರ, ವಾಟ್ಸಾಪಿನ್ಯಾಗ ಹಾಕ್ತಾರ. ಕ್ಯುಸೆಕ್ ಕೇಳಿ ಯಾರಿಗೆ ಏನ ತಿಳೀಬೇಕ್ರಿ. ಹಳಬರ ಲೆಕ್ಕ ಬ್ಯಾರೇನ ಇತ್ತು, ನೀರು ಹನಮಪ್ಪನ ಗುಡಿ ಕಟ್ಟಿ ಮುಟ್ಟಿದ್ರ ದನಾ ಬಿಚ್ಚಬೇಕು, ಅಗಸಿ ಕಲ್ಲು ಮುಟ್ಟಿದ್ರ ಮಂದಿ ಏಳಬೇಕು. ಊರೂರಿಗೆ ಇಂಥ ಗುರ್ತು ಅದಾವ, ನಿಮ್ಮ ಇಂಜಿನಿಯರ್‌ಗಳ ಕಡಿ ಊರಿಂದೂ ಡ್ಯಾಮಿಂದೂ ಲೆವೆಲ್ ಅದಾವ, ಎರಡನ್ನೂ ಕೂಡಿಸಿ 'ನಾಳೆ ಮುಂಜಾನಿ ನಿಮ್ಮೂರಿನ ಗುಡಿ ಕಟ್ಟಿಗೆ ನೀರು ಬರ್ತೈತಿ' ಅಂತ ಹೇಳಿದ್ರ ಯಾರೂ ಕಡೀ ಗಳಿಗಿತನಾ ಕೂಡಂಗಿಲ್ಲ. ಇದಕ್ಕ ಕೋಟಿ ಕೋಟಿ ಬೇಕಾಗಿಲ್ಲ. ಡ್ಯಾಂ 524 ಮೀಟರಿಗೆ ಏರಿದ ಮ್ಯಾಲ ಹಿನ್ನೀರಿನ ದಂಡಿನ ಬ್ಯಾರೆ ಆಗ್ತೈತಿ, ಹಳೇ ಗುರ್ತು ಕೆಲವು ನೀರಾಗ ಹೋಗ್ತಾವ, ಹಂಗಾಗಿ ಈಗಿಂದನ ಈ ಕೆಲಸ ಹಿಡೀಬೇಕು.

ಪಟ್ಟಿಗೆ ವಾಪಸ್ ಬರ್ತೀನ್ರಿ. ಭೀಮಾ ಸೀಮಿದಾಗ ಹಲಸಂಗಿ ಗೆಳೆಯರು, ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ರೇವಪ್ಪ ಕಾಪಸೆಯವರು, ಹೆಣ್ಣಮಕ್ಕಳ ಹಾಡು ಕೂಡಿಸಿ ಅಚ್ಚು ಮಾಡಿಸಿದ್ರು, ಅದಕ್ಕ ಯಾವ ಇಲಾಖೆ ಆರ್ಡರೂ ಇರಲಿಲ್ಲ. ಈಗ ಬಯಲಾಟ ಅಕಾಡೆಮಿ ಬಾಗಲಕೋಟ್ಯಾಗ ಐತಿ, ಜಮಖಂಡ್ಯಾಗ ಬಾಗಲಕೋಟೆ ವಿಶ್ವವಿದ್ಯಾಲಯ ಐತಿ, ಗೊಟಗೋಡಿಯೊಳಗ ಜಾನಪದ ವಿಶ್ವವಿದ್ಯಾಲಯ ಐತಿ, ಓದಿ ಖಾಲಿ ಕುಂತ ಹುಡುಗರಂತೂ ಪ್ರತಿ ಊರಾಗ ಅದಾರ, ಕೈಯಾಗ ಮೊಬೈಲ್ ಐತಿ. ಯೋಜನಾ ಖರ್ಚಿನ್ಯಾಗ ಒಂದು ಸಣ್ಣ ಪಾಲು ತಗದು, ಮುಳುಗೋ ಪ್ರತಿ ಊರಿಂದೂ ಪರಿಹಾರದ ಅವಾರ್ಡ್, ಅಂದ್ರ ಕಡೀ ಆದೇಶ, ಆಗೋಕಿಂತ ಮೊದಲ ದಾಖಲೆ ಮಾಡಸ್ರಿ. ಹಂತಿ ಹಾಡು, ಸೋಬಾನ ಹಾಡು, ಮೊಹರಮ್ಮಿನ ರಿವಾಯತ್ ಪದ, ಜಾತ್ರಿ ಯಾರ ಮನಿಯಿಂದ ಶುರು ಆಗ್ತೈತಿ, ಅಂಬಿಗರ ಕಡವು ಎಲ್ಲಿತ್ತು, ವೀರಗಲ್ಲು ಎಷ್ಟು, ಹೊಲಕ್ಕ ಏನೇನ ಹೆಸರು. ಹೊಸ ಊರಿನ ನಕ್ಷೆಯೊಳಗ ಓಣಿಗೆ ಓಣಿ ಎದ್ದು ಹೋಗುವಂಗ ಪ್ಲಾಟ್ ಕೊಡ್ರಿ, ಲಾಟರಿ ಎತ್ತಿ ಹರದು ಹಂಚಬ್ಯಾಡ್ರಿ.

ಆಗಂಗಿಲ್ಲ ಅನ್ನಬ್ಯಾಡ್ರಿ. ನಾರಾಯಣಪುರ ಡ್ಯಾಮಿನ ನೀರು ಕೂಡಲಸಂಗಮಕ್ಕ ಬಂದಾಗ ಬಸವಣ್ಣನವರ ಐಕ್ಯ ಮಂಟಪದ ಸುತ್ತ ಗ್ವಾಡಿ ಎಬ್ಬಿಸಿ, ಮೆಟ್ಟಲಾ ಇಳದು ಹೋಗುವಂಗ ಮಾಡಿ ಉಳಿಸ್ಯಾರ, ಸುತ್ತಲೂ ನೀರಿದ್ರೂ ಮಂಟಪ ಮುಳುಗಿಲ್ಲ. ಮನಸ ಮಾಡಿದ್ರ ನಿಮ್ಮ ಇಂಜಿನಿಯರ್‌ಗಳಿಗೆ ಬರ್ತೈತಿ.

ಡ್ಯಾಂ ತುಂಬಿದ ಮ್ಯಾಲ ಬಾಗಿನ ಬಿಡಾಕ ಆಲಮಟ್ಟಿಗೆ ಬರ್ತೀರಲ್ರಿ, ಆವತ್ತು ಹೊಳಿಸಾಲಿನ ನಾಕ ಊರಿನ ಮಂದಿ ನಾವು ಬರಕೊಂಡ ಪಟ್ಟಿ ತಗೊಂಡು ಬರ್ತೀವಿ. ಹಾರ ಶಾಲು ಏನೂ ತರಂಗಿಲ್ಲ. ಪೊಲೀಸರಿಗೆ ಹೇಳಿ ಒಳಗ ಬಿಡಸ್ರಿ, ನಿಮ್ಮ ಪುನರ್ವಸತಿ ಅಧಿಕಾರಿಗಳನ್ನೂ ಬಾಜೂಕ ಕುಂದರಿಸಿಕೊಂಡು ಹತ್ತು ನಿಮಿಷ ಕೊಟ್ರ ಸಾಕು.

ಇಂತಿ,
ಕೃಷ್ಣಾ ಹೊಳಿಸಾಲಿನ ಒಬ್ಬ ರೈತ