ಸೊಗಸಾದ ಬಾರ್, ಮೊದಲೇ ಬರೆದಿಟ್ಟ ಕೊನೆ

ಸಂಪಾದಕರೇ,

ವಿಡಿಯೊ ಗೇಮ್ ಅಂದರೆ ಬರೀ ಗುಂಡು ಹಾರಿಸೋದು ಅನ್ನುವವರಿಗೆ ನಾನು 2018ರ ‘ದಿ ರೆಡ್ ಸ್ಟ್ರಿಂಗ್ಸ್ ಕ್ಲಬ್’ ತೋರಿಸುತ್ತೇನೆ. ಸ್ಪೇನಿನ ಡೀಕನ್‌ಸ್ಟ್ರಕ್ಟೀಮ್ ಎಂಬ ಪುಟ್ಟ ತಂಡದ್ದು. ಆದರೂ ಎಲ್ಲರೂ ಸುಮ್ನೆ ಹೊಗಳುವುದು ಕಂಡರೆ ತಕರಾರು ತೆಗೆಯೋಣ ಅನಿಸುತ್ತದೆ.

ಬಾರ್ ನಡೆಸುವ ಡೊನೊವನ್, ಗಿರಾಕಿಯ ಒಳಗಿನ ಯಾವುದೋ ಒಂದು ಭಾವ ಕೆಣಕುವಂಥ ಪಾನೀಯ ಬೆರೆಸಿಕೊಟ್ಟು, ಮಾತಾಡಿಸುತ್ತಲೇ ಗುಟ್ಟು ಹೊರಗೆಳೆಯುತ್ತಾನೆ. ಐಡಿಯಾ ಭಲೇ ಚೆನ್ನಾಗಿದೆ. ಆದರೆ ಮೌಸ್ ಹಿಡಿದು ಬಾಟಲಿ ಬಗ್ಗಿಸುವಾಗ ಒಂಚೂರು ಜಾಸ್ತಿ ಸುರಿದರೂ ಪರದೆಯ ಮೇಲಿನ ಗುರುತು ಬೇಕಾದ ಭಾವವನ್ನು ದಾಟಿ ಮುಂದೆ ಓಡುತ್ತದೆ, ಲೋಟ ಚೆಲ್ಲಿ ಮತ್ತೆ ಶುರು. ಮೊದಲ ಮೂರು ಸಲ ಮಜಾ, ಆಮೇಲೆ ಕೈನೋವು.

ನನ್ನ ದೊಡ್ಡ ದೂರು ಬೇರೆ. ಡೊನೊವನ್‌ನ ಜೊತೆಗಾರ, ಹ್ಯಾಕರ್ ಬ್ರಾಂಡೈಸ್ ಕಟ್ಟಡದಿಂದ ಬೀಳುವುದನ್ನು ಆರಂಭದಲ್ಲೇ ತೋರಿಸುತ್ತಾರೆ, ಆಮೇಲೆ ಗಂಟೆಗಟ್ಟಲೆ ನಮ್ಮಿಂದ ಆಯ್ಕೆ ಮಾಡಿಸುತ್ತಾರೆ, ನಾವು ಏನೇ ಆರಿಸಿದರೂ ಅವನು ಬೀಳುವುದು ತಪ್ಪುವುದಿಲ್ಲ. ವಿಧಿಯ ಕಥೆ ಅಲ್ವಾ ಅಂತ ಗೆಳೆಯ ವಾದಿಸುತ್ತಾನೆ. ಇರಬಹುದು. ಆದರೆ ವಿಧಿ ಹೇಳೋಕೆ ನನ್ನ ಕೈಗೆ ಮೌಸ್ ಯಾಕೆ ಕೊಟ್ಟರು?

ಜನರ ಸಿಟ್ಟು, ದುಃಖವನ್ನು ಕಂಪನಿಯೊಂದು ಅಳಿಸಿಹಾಕಿದರೆ ತಪ್ಪೇನು ಅಂತ ಅಕಾರಾ ಎಂಬ ಯಂತ್ರ ಕೇಳುವ ಜಾಗದಲ್ಲಿ ಮಾತ್ರ ನನ್ನ ಬಾಯಿ ಕಟ್ಟಿತ್ತು.

— ಒಬ್ಬ ಓದುಗ, ಮೈಸೂರು